ಪೂರೈಕೆ ಸರಪಳಿಯ ಸೂತ್ರಗಳು ಗದಗಿನ ಒರೆಗಲ್ಲಿನ ಮೇಲೆ

ತಯಾರಿಕಾ ಉದ್ದಿಮೆಗಳ ಬಗ್ಗೆ ಎಂಜಿನಿಯರಿಂಗ್ ಮತ್ತು ವಾಣಿಜ್ಯ ವಿದ್ಯಾರ್ಥಿಗಳು ಬರೆಯುವ ಯೋಜನಾ ವರದಿಗಳನ್ನು ನೀವು ನೋಡಿದ್ದರೆ, ನಾಲ್ಕು ಚೌಕಗಳ ಒಂದು ಚಿತ್ರ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ಮೇಲ್ಭಾಗದಲ್ಲಿ ಎರಡು ಬಗೆಯ ಸರಕು, ಎಡಭಾಗದಲ್ಲಿ ಎರಡು ಬಗೆಯ ಪೂರೈಕೆ ಸರಪಳಿ. ಎರಡು ಚೌಕಗಳಲ್ಲಿ 'ಹೊಂದುತ್ತದೆ' ಎಂದೂ ಉಳಿದೆರಡರಲ್ಲಿ 'ಹೊಂದದು' ಎಂದೂ ಬರೆದಿರುತ್ತದೆ. ಅಮೆರಿಕದ ವಾರ್ಟನ್ ಸ್ಕೂಲಿನ ಪ್ರಾಧ್ಯಾಪಕ ಮಾರ್ಷಲ್ ಫಿಷರ್ 1997ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರಕಟಿಸಿದ ಲೇಖನದಿಂದ ಬಂದ ಚಿತ್ರವಿದು. ಬಂದಂದಿನಿಂದ ಇದು ಪಠ್ಯಪುಸ್ತಕಗಳಲ್ಲಿ ಭದ್ರವಾಗಿ ಕುಳಿತಿದೆ. ನಮ್ಮ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ, ಪಕ್ಕದ ಊರಿನ ಜಿನ್ನಿಂಗ್ ಕಾರ್ಖಾನೆಯನ್ನೋ ಸಕ್ಕರೆ ಕಾರ್ಖಾನೆಯನ್ನೋ ಒಂದು ಚೌಕದಲ್ಲಿ ಕೂಡಿಸಿ, ಅಧ್ಯಾಯ ಮುಗಿಸುತ್ತಾರೆ. ಕೂಡಿಸಿದ್ದು ಸರಿಯೇ ಎಂದು ಕೇಳುವವರು ಕಡಿಮೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಉದ್ದಿಮೆಗಳನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಕೇಳೋಣ.

ಮೊದಲು ಫಿಷರ್ ಹೇಳಿದ್ದೇನು? ಕಚ್ಚಾ ವಸ್ತು ಹುಟ್ಟುವಲ್ಲಿಂದ ಗ್ರಾಹಕನ ಕೈಗೆ ಸರಕು ತಲುಪುವವರೆಗಿನ ಎಲ್ಲ ಕೊಂಡಿಗಳೂ, ಅವುಗಳ ನಡುವೆ ಹರಿಯುವ ವಸ್ತು, ಹಣ ಮತ್ತು ಮಾಹಿತಿಯೂ ಸೇರಿ ಪೂರೈಕೆ ಸರಪಳಿ. ಇದು ಎರಡು ಕೆಲಸ ಮಾಡುತ್ತದೆ. ಒಂದು, ವಸ್ತುವನ್ನು ರೂಪಾಂತರಿಸಿ ಸಾಗಿಸುವುದು. ಇನ್ನೊಂದು, ಮಾರುಕಟ್ಟೆ ಕೇಳುವುದಕ್ಕೂ ನಾವು ತಯಾರಿಸುವುದಕ್ಕೂ ಹೊಂದಾಣಿಕೆ ತರುವುದು. ಬೇಡಿಕೆ ಸ್ಥಿರವಾಗಿರುವ ನಿತ್ಯಬಳಕೆಯ ಸರಕುಗಳಲ್ಲಿ ಮುನ್ನಂದಾಜಿನ ತಪ್ಪು ಸುಮಾರು 10%, ಲಾಭಾಂಶ 5ರಿಂದ 20%. ಇಲ್ಲಿ ಖರ್ಚು ಇಳಿಸುವ 'ದಕ್ಷ' ಸರಪಳಿ ಸಾಕು. ಫ್ಯಾಷನ್ ಉಡುಪಿನಂಥ ಹೊಸತನದ ಸರಕುಗಳಲ್ಲಿ ಮುನ್ನಂದಾಜಿನ ತಪ್ಪು 40ರಿಂದ 100%, ಲಾಭಾಂಶ 20ರಿಂದ 60%. ಇಲ್ಲಿ ಬೇಡಿಕೆಗೆ ತಕ್ಷಣ ಓಗೊಡುವ 'ಚುರುಕು' ಸರಪಳಿ ಬೇಕು. ಎಲ್ಲ ಸರಕಿಗೂ ಒಂದೇ ಮದ್ದು ಎಂದು ನಂಬಿದ್ದ ಕಾಲದಲ್ಲಿ ಇದೊಂದು ದೊಡ್ಡ ಮಾತೇ ಆಗಿತ್ತು. ಆ ಮನ್ನಣೆಯನ್ನು ಕಿತ್ತುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಅವರು ಆರಿಸಿಕೊಂಡ ಉದಾಹರಣೆಗಳನ್ನು ಗಮನಿಸಿ: ಡಬ್ಬಿಯಲ್ಲಿ ಸೂಪ್ ಮಾರುವ ಕ್ಯಾಂಪ್‌ಬೆಲ್, ಜಪಾನಿನ ನ್ಯಾಷನಲ್ ಬೈಸಿಕಲ್, ಹಿಮಕ್ರೀಡೆಯ ಉಡುಪು ಮಾರುವ ಸ್ಪೋರ್ಟ್ ಓಬರ್‌ಮಯರ್. ಮೂರೂ ಸಿದ್ಧವಸ್ತು ಮಾರುವ ಕಂಪನಿಗಳು. ಮೂರನ್ನೂ ನೋಡಿರುವುದು ಗ್ರಾಹಕನ ಕಡೆಯಿಂದ. ಕಚ್ಚಾ ವಸ್ತು ಬರುತ್ತದೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಾಗುವುದೇ ಇಲ್ಲ.

ಹತ್ತಿ ಯಾವ ಚೌಕದಲ್ಲಿ?

ಗದಗ ಸೀಮೆಗೂ ಹತ್ತಿಗೂ ಇರುವ ನಂಟು ಹಳೆಯದು. ಧಾರವಾಡ-ಅಮೆರಿಕನ್ ಹತ್ತಿಯಿಂದ ಆಯ್ದ ಒಂದು ತಳಿಗೆ 'ಗದಗ ನಂ. 1' ಎಂದೇ ಹೆಸರಿತ್ತು. ಮುಂದೆ ಜಯಧರ, 1972ರಲ್ಲಿ ವರಲಕ್ಷ್ಮಿ, 1980ರ ದಶಕದಲ್ಲಿ ಡಿಸಿಎಚ್-32, 2002ರ ನಂತರ ಬಿಟಿ ತಳಿಗಳು ಬಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಿಗೆ ಬಂದ ಮೇಲೆ ಅರಳೆಯ ಅಂಡಿಗೆಗಳು ಇಲ್ಲಿಂದಲೇ ರೈಲು ಏರತೊಡಗಿದವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹತ್ತಿ ಮಾತ್ರ ಆಗ ಚಕ್ಕಡಿಯಲ್ಲಿ, ಈಗ ಟ್ರ್ಯಾಕ್ಟರು-ಲಾರಿಗಳಲ್ಲಿ ರಸ್ತೆ ಹಿಡಿದೇ ಬರಬೇಕು.

ಜಿನ್ನಿಂಗ್ ಕಾರ್ಖಾನೆಯ ಲೆಕ್ಕ ಸರಳ. 100 ಕಿಲೋ ಬಿಡಿಸಿದ ಹತ್ತಿಯಿಂದ ಸುಮಾರು 34 ಕಿಲೋ ಅರಳೆ ಸಿಗುತ್ತದೆ. ನಮ್ಮ ದೇಶದಲ್ಲಿ ಒಂದು ಬೇಲ್ ಎಂದರೆ 170 ಕಿಲೋ. ಅಂದರೆ ಒಂದು ಬೇಲಿಗೆ ಸುಮಾರು 5 ಕ್ವಿಂಟಲ್ ಹತ್ತಿ ಬೇಕು. ಅರಳೆಯಲ್ಲಿ ಫ್ಯಾಷನ್ ಇಲ್ಲ. ಎಳೆಯ ಉದ್ದ, ತೇವ, ಕಸದ ಪ್ರಮಾಣ ಹೇಳಿದರೆ ಕೊಳ್ಳುವವನಿಗೆ ಸಾಕು. ಫಿಷರ್ ಚೌಕದ ಪ್ರಕಾರ ಇದು ನಿತ್ಯಬಳಕೆಯ ಸರಕು, ಆದ್ದರಿಂದ 'ದಕ್ಷ' ಸರಪಳಿ: ಯಂತ್ರವನ್ನು ತುಂಬ ಓಡಿಸಿ, ದಾಸ್ತಾನನ್ನು ಕನಿಷ್ಠವಾಗಿಡಿ.

ಈ ಸಲಹೆಯನ್ನು ಅಂಕಿಗಳಲ್ಲಿ ಪರೀಕ್ಷಿಸೋಣ. ಇವು ಲೆಕ್ಕಕ್ಕಾಗಿ ಊಹಿಸಿಕೊಂಡ ಅಂಕಿಗಳು. 'ಅ' ಮತ್ತು 'ಬ' ಎಂಬ ಎರಡು ಜಿನ್ನುಗಳು ದಿನಕ್ಕೆ 200 ಕ್ವಿಂಟಲಿನಂತೆ 100 ದಿನಗಳ ಹಂಗಾಮಿನಲ್ಲಿ 20,000 ಕ್ವಿಂಟಲ್ ಹತ್ತಿಯನ್ನು ಅರೆಯುತ್ತವೆ. 'ಅ' 20 ದಿನಕ್ಕಾಗುವಷ್ಟು, ಅಂದರೆ 4,000 ಕ್ವಿಂಟಲ್ ಹತ್ತಿಯನ್ನು ಅಂಗಳದಲ್ಲಿ ಇಟ್ಟುಕೊಳ್ಳುತ್ತದೆ. 'ಬ' 4 ದಿನಕ್ಕಾಗುವ 800 ಕ್ವಿಂಟಲ್ ಮಾತ್ರ. ಪಠ್ಯಪುಸ್ತಕದ ಮೆಚ್ಚಿನ ಮಾನದಂಡವಾದ ದಾಸ್ತಾನಿನ ಆವರ್ತನ, ಅಂದರೆ ಒಟ್ಟು ಬಳಕೆಯನ್ನು ಸರಾಸರಿ ದಾಸ್ತಾನಿನಿಂದ ಭಾಗಿಸಿದ ಸಂಖ್ಯೆ, 'ಅ'ಗೆ 5, 'ಬ'ಗೆ 25. 'ಬ' ಐದು ಪಟ್ಟು ಜಾಣ ಎಂದಾಯಿತು.

ಈಗ ನವೆಂಬರಿನಲ್ಲಿ ಅಕಾಲ ಮಳೆ ಬಿದ್ದು 15 ದಿನ ಮಾರುಕಟ್ಟೆಗೆ ಹತ್ತಿ ಬರಲಿಲ್ಲ ಎನ್ನಿ. 'ಅ' ನಿಲ್ಲದೆ ಓಡುತ್ತದೆ. 'ಬ' 4 ದಿನ ಓಡಿ 11 ದಿನ ಸುಮ್ಮನಿರುತ್ತದೆ. 2,200 ಕ್ವಿಂಟಲ್ ಹತ್ತಿ, ಎಂದರೆ 440 ಬೇಲ್‌ಗಳ ಕೆಲಸ ಹೋಯಿತು. ಅದರ ಆವರ್ತನ ಎಷ್ಟಾಯಿತು? ಬಳಕೆ 17,800ಕ್ಕೆ ಇಳಿಯಿತು, ಆದರೆ ಅಂಗಳ ಖಾಲಿ ಬಿದ್ದದ್ದರಿಂದ ಸರಾಸರಿ ದಾಸ್ತಾನೂ 696 ಕ್ವಿಂಟಲಿಗೆ ಇಳಿಯಿತು. ಭಾಗಿಸಿ ನೋಡಿ, 25.6 ಬರುತ್ತದೆ! ಕಾರ್ಖಾನೆ ನಿಂತಿತು, ಅಂಕ ಏರಿತು. ಜ್ವರ ಬಂದಾಗ ಕೆಳಕ್ಕಿಳಿಯುವ ಉಷ್ಣಮಾಪಕವನ್ನು ಯಾವ ವೈದ್ಯರೂ ಬಳಸುವುದಿಲ್ಲ. ಆದರೆ ಉದ್ದಿಮೆಯ ಮೌಲ್ಯಮಾಪನದಲ್ಲಿ ಇಂಥ ಮಾಪಕ ಧಾರಾಳವಾಗಿ ನಡೆಯುತ್ತಿದೆ.

'ಅ'ದ ದಾರಿ ಪುಕ್ಕಟೆಯದಲ್ಲ. 4,000 ಕ್ವಿಂಟಲಿನಲ್ಲಿ ಹೂತ ಹಣಕ್ಕೆ ಬಡ್ಡಿ ತೆರಬೇಕು. ಬೆಂಕಿಯ ಭಯವಿದೆ, ವಿಮೆಯ ಖರ್ಚಿದೆ. ಬೆಲೆ ಕುಸಿದರೆ ನಷ್ಟ. ಎರಡರಲ್ಲಿ ಯಾವುದು ಮೇಲು ಎಂಬುದನ್ನು ಆವರ್ತನ ಹೇಳಲಾರದು. ಹತ್ತಿ ಬರದೇ ಹೋಗುವ ಸಂಭವನೀಯತೆ ಎಷ್ಟು, ಒಂದು ದಿನ ನಿಂತರೆ ಆಗುವ ನಷ್ಟ ಎಷ್ಟು, ಒಂದು ದಿನದ ದಾಸ್ತಾನಿಗೆ ತೆರುವ ಬಡ್ಡಿ ಎಷ್ಟು ಎಂಬ ಮೂರು ಸಂಖ್ಯೆಗಳು ಸಿಕ್ಕಿದರೆ ಮಾತ್ರ ಹೇಳಬಹುದು. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ನಾಡಿನಲ್ಲಿ ಮೊದಲನೆಯದನ್ನು ಮಳೆಯ ದಾಖಲೆಗಳಿಂದಲೇ ಅಂದಾಜು ಮಾಡಲು ಆರಂಭಿಸಬಹುದು.

ವರ್ಗಮೂಲದ ಮೋಡಿ, ಮೋಡದ ಉತ್ತರ

ಈ ಕೊರತೆ ವಿದ್ವಾಂಸರ ಗಮನಕ್ಕೆ ಬಾರದೆ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾವ್ ಲೀ 2002ರಲ್ಲಿ ಫಿಷರ್ ಚಿತ್ರಕ್ಕೆ ಪೂರೈಕೆಯ ಅನಿಶ್ಚಿತತೆ ಎಂಬ ಎರಡನೆಯ ಅಕ್ಷವನ್ನು ಸೇರಿಸಿದರು. ಬೇಡಿಕೆ ಸ್ಥಿರವಾಗಿದ್ದು ಪೂರೈಕೆ ಅಸ್ಥಿರವಾಗಿದ್ದರೆ ದಕ್ಷ ಸರಪಳಿ ಸಾಲದು, 'ಅಪಾಯ ಹಂಚಿಕೊಳ್ಳುವ' ಸರಪಳಿ ಬೇಕು ಎಂದರು. ಹಲವು ಕಾರ್ಖಾನೆಗಳು ದಾಸ್ತಾನನ್ನು ಒಟ್ಟುಗೂಡಿಸಿಕೊಂಡರೆ ಎಲ್ಲರ ಖರ್ಚೂ ಇಳಿಯುತ್ತದೆ ಎಂಬುದು ಅದರ ತಿರುಳು. ಮಳೆಯಾಶ್ರಿತ ಹತ್ತಿ ಈ ಚೌಕಕ್ಕೆ ಸೇರುತ್ತದೆ. ಫಿಷರ್‌ಗಿಂತ ಇದು ನಮಗೆ ಹತ್ತಿರ.

ಹಾಗಾದರೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ತಲಾ ಒಂದು ಜಿನ್ ಇದೆ ಎಂದೂ ನಾಲ್ಕೂ ಕೂಡಿ ಒಂದೇ ಸುರಕ್ಷಾ ದಾಸ್ತಾನು ಇಡುತ್ತವೆ ಎಂದೂ ಭಾವಿಸಿ. ಪ್ರತಿ ಊರಿನ ಆವಕದ ಮಾನಕ ವಿಚಲನೆ 1 ಏಕಮಾನವಾಗಿರಲಿ. ಬೇರೆ ಬೇರೆ ಇಟ್ಟರೆ ಒಟ್ಟು ದಾಸ್ತಾನು 4ಕ್ಕೆ ಅನುಪಾತದಲ್ಲಿರುತ್ತದೆ. ಒಟ್ಟಿಗೆ ಇಟ್ಟರೆ 4ರ ವರ್ಗಮೂಲಕ್ಕೆ, ಅಂದರೆ 2ಕ್ಕೆ. ಅರ್ಧದಷ್ಟು ಉಳಿತಾಯ! ಪಠ್ಯಪುಸ್ತಕಗಳು ಇಲ್ಲಿಗೆ ನಿಂತು ಮುಂದಿನ ಅಧ್ಯಾಯಕ್ಕೆ ಹೋಗುತ್ತವೆ.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಅಲ್ಲಿ ನಿಲ್ಲಬಾರದು. ವರ್ಗಮೂಲದ ಸೂತ್ರ ನಿಲ್ಲುವುದು ನಾಲ್ಕು ಆವಕಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ ಎಂಬ ಊಹೆಯ ಮೇಲೆ. ಈ ಮೂರು ಪಟ್ಟಣಗಳೂ ಗದಗಿನಿಂದ ಸುಮಾರು 40 ಕಿ.ಮೀ. ಆಸುಪಾಸಿನಲ್ಲೇ ಇವೆ. ಮುಂಗಾರು ಕೈಕೊಟ್ಟರೆ ತಾಲ್ಲೂಕಿನ ಗಡಿ ನೋಡಿ ಕೈಕೊಡುವುದಿಲ್ಲ. ಎರಡೆರಡು ಊರುಗಳ ಆವಕಗಳ ನಡುವಿನ ಸಹಸಂಬಂಧ ಗುಣಾಂಕವನ್ನು 0.8 ಎಂದು ಇಟ್ಟುಕೊಳ್ಳಿ. ಆಗ ಒಟ್ಟು ಪ್ರಸರಣ 4 + 12 × 0.8 = 13.6. ಅದರ ವರ್ಗಮೂಲ 3.69. ನಾಲ್ಕಕ್ಕೆ ಹೋಲಿಸಿದರೆ ಉಳಿತಾಯ 8% ಕೂಡ ಆಗದು. ಅದನ್ನು ಒಟ್ಟುಗೂಡಿಸಿದ ಗೋದಾಮಿನಿಂದ ಊರೂರಿಗೆ ಹೊರುವ ಲಾರಿ ಬಾಡಿಗೆಯೇ ನುಂಗಿಬಿಡುತ್ತದೆ. ಗುಣಾಂಕ 1 ಆದರೆ ಉಳಿತಾಯ ಸೊನ್ನೆ.

ಅಪಾಯವನ್ನು ನಿಜವಾಗಿ ಹಂಚಿಕೊಳ್ಳಬೇಕಾದರೆ ಬೇರೆ ಮೋಡದ ಕೆಳಗಿರುವವರ ಜತೆ ಹಂಚಿಕೊಳ್ಳಬೇಕು. ತುಂಗಭದ್ರೆಯ ನೀರಾವರಿ ಪ್ರದೇಶವೋ ತೆಲಂಗಾಣವೋ ವಿದರ್ಭವೋ ಆಗಬಹುದು. ಆದರೆ ಹಾಗೆ ತಂದ ಹತ್ತಿಯ ಎಳೆ ಬೇರೆ. ಡಿಸಿಎಚ್-32ರಂಥ ಅತಿ ಉದ್ದ ಎಳೆಯ ಹತ್ತಿಗೆ ಗಿಡ್ಡ ಎಳೆಯದನ್ನು ಒಮ್ಮೆ ಬೆರೆಸಿದರೆ ಮತ್ತೆ ಬೇರ್ಪಡಿಸುವ ಯಂತ್ರ ಇಲ್ಲ. ಹಾಲಿಗೆ ನೀರು ಬೆರೆಸಿದಂತೆಯೇ ಸರಿ. ಒಂದೇ ಅಂಗಳದಲ್ಲಿ ಹಲವು ಕಡೆಯ ಹತ್ತಿಯನ್ನು ಪ್ರತ್ಯೇಕ ರಾಶಿಗಳಲ್ಲಿ ಇಡುವ ಜಾಗ, ಶಿಸ್ತು ಎರಡೂ ಬೇಕು. 2000ದಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಹತ್ತಿ ತಂತ್ರಜ್ಞಾನ ಮಿಷನ್ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಆಧುನೀಕರಣಕ್ಕೆ ನೆರವಾದಾಗ ಅದಕ್ಕೆ ಕಾರಣವಾದ ದೊಡ್ಡ ಚಿಂತೆಗಳಲ್ಲಿ ಅರಳೆಗೆ ಸೇರುವ ಕಸ-ಕಲಬೆರಕೆಯೂ ಒಂದು. 'ಒಟ್ಟುಗೂಡಿಸಿ' ಎಂಬ ಒಂದು ಪದದ ಹಿಂದೆ ಇಷ್ಟೆಲ್ಲ ಇದೆ.

ಕಾಯುವವರು ಯಾರು?

ಇನ್ನು ಮುಂಡರಗಿಗೆ ಬರೋಣ. ತಾಲ್ಲೂಕಿನ ಗಂಗಾಪುರದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಪಕ್ಕದಲ್ಲಿ ತುಂಗಭದ್ರೆ ಇದ್ದಾಳೆ. ಮುಂದಿನ ಮಾತುಗಳು ಯಾವುದೇ ಒಂದು ಕಾರ್ಖಾನೆಯದಲ್ಲ, ಕಬ್ಬಿನ ಸರಪಳಿಯ ಸ್ವಭಾವದ್ದು. ಕಡಿದ ಕಬ್ಬು ಕಾಯುವುದಿಲ್ಲ. ಅದರಲ್ಲಿರುವ ಸುಕ್ರೋಸ್ ವಿಭಜನೆಗೊಂಡು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗತೊಡಗುತ್ತದೆ, ಇವು ಹರಳುಗಟ್ಟುವುದಿಲ್ಲ. ನೀರು ಆವಿಯಾಗಿ ತೂಕವೂ ಇಳಿಯುತ್ತದೆ. ಆದ್ದರಿಂದ ಕಡಿದ 24 ಗಂಟೆಗಳ ಆಸುಪಾಸಿನಲ್ಲಿ ಅರೆಯುವುದು ಉತ್ತಮ.

ಇಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಒಂದು ಸುಂದರ ನಿಯಮ ನೆರವಿಗೆ ಬರುತ್ತದೆ: ವ್ಯವಸ್ಥೆಯೊಳಗೆ ಇರುವ ಸರಾಸರಿ ಪ್ರಮಾಣ = ಒಳಬರುವ ದರ × ಒಳಗೆ ಕಳೆಯುವ ಸರಾಸರಿ ಸಮಯ. ದಿನಕ್ಕೆ 3,000 ಟನ್ ಅರೆಯುವ ಕಾರ್ಖಾನೆಯ ಅಂಗಳದಲ್ಲಿ ಸರಾಸರಿ 1,500 ಟನ್ ಕಬ್ಬು ನಿಂತಿದ್ದರೆ, ಪ್ರತಿ ಗಾಡಿ ಸರಾಸರಿ ಅರ್ಧ ದಿನ ಕಾಯುತ್ತಿದೆ ಎಂದರ್ಥ. ಗಡಿಯಾರ ಹಿಡಿದು ನಿಲ್ಲಬೇಕಿಲ್ಲ, ಟ್ರ್ಯಾಕ್ಟರು ಎಣಿಸಿದರೆ ಸಾಕು.

12 ಗಂಟೆ ಪರವಾಗಿಲ್ಲ ಎನ್ನಿಸುತ್ತದೆಯೇ? ಗೆರೆಯನ್ನು ಎಲ್ಲಿ ಎಳೆದಿದ್ದೇವೆ ನೋಡಿ. 'ವ್ಯವಸ್ಥೆ' ಶುರುವಾದದ್ದು ಕಾರ್ಖಾನೆಯ ಗೇಟಿನಿಂದ. ಕಡಿಯುವ ತಂಡ ಬಂದು ಕಡಿದು ಹೋದ ಮೇಲೆ ಗಾಡಿ ಸಿಗದೆ ಹೊಲದಲ್ಲಿ 36 ಗಂಟೆ ಬಿದ್ದ ಕಬ್ಬು ಈ ಲೆಕ್ಕದಲ್ಲಿ ಇಲ್ಲ. ಅದನ್ನೂ ಸೇರಿಸಿದರೆ ಒಟ್ಟು 48 ಗಂಟೆ. ಕಬ್ಬನ್ನು ತೂಗುವುದು ಗೇಟಿನಲ್ಲಿ. ಹೊಲದಲ್ಲಿ ಒಣಗಿದ ತೂಕ ರೈತನ ನಷ್ಟ, ಗೇಟಿನೊಳಗೆ ಹಾಳಾದ ಸುಕ್ರೋಸ್ ಕಾರ್ಖಾನೆಯ ನಷ್ಟ. ಕಾರ್ಖಾನೆ ತನ್ನ ಅಂಗಳದ ಸರದಿಯನ್ನು ಚಿಕ್ಕದು ಮಾಡಲು 'ಹೇಳಿದಾಗ ಮಾತ್ರ ಬನ್ನಿ' ಎಂದರೆ, ಕಡಿತವೂ ಅದೇ ಚೀಟಿಗೆ ಹೊಂದಿಕೊಳ್ಳದಿದ್ದಲ್ಲಿ, ಸರದಿ ಮಾಯವಾಗುವುದಿಲ್ಲ. ಹೊಲಕ್ಕೆ ಸ್ಥಳಾಂತರವಾಗುತ್ತದೆ ಅಷ್ಟೆ. ಮಾನದಂಡ ಮಾತ್ರ ಸುಧಾರಿಸಿದಂತೆ ಕಾಣುತ್ತದೆ.

ಹಣದ ಮಾನದಂಡದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಸರಪಳಿಯ ಮೌಲ್ಯಮಾಪನದಲ್ಲಿ 'ನಗದಿನಿಂದ ನಗದಿಗೆ' ಎಂಬ ಅವಧಿಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ: ದಾಸ್ತಾನಿನ ದಿನಗಳಿಗೆ ಗಿರಾಕಿಗಳಿಂದ ಬಾಕಿ ಬರುವ ದಿನಗಳನ್ನು ಕೂಡಿಸಿ, ನಾವು ಕೊಡಬೇಕಾದವರಿಗೆ ತೆಗೆದುಕೊಳ್ಳುವ ದಿನಗಳನ್ನು ಕಳೆಯುವುದು. ಕಡಿಮೆ ಇದ್ದಷ್ಟೂ ಒಳ್ಳೆಯದು ಎನ್ನುತ್ತದೆ ಪಠ್ಯ. ಸಕ್ಕರೆಯನ್ನು ಕೆಲವೇ ತಿಂಗಳಲ್ಲಿ ತಯಾರಿಸಿ ವರ್ಷವಿಡೀ ಮಾರಬೇಕು. ದಾಸ್ತಾನು 120 ದಿನ, ಬಾಕಿ ಬರಲು 10 ದಿನ ಎಂದಿಟ್ಟುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳಲ್ಲಿ ರೈತನಿಗೆ ಹಣ ಕೊಟ್ಟರೆ ಅವಧಿ 116 ದಿನ. 60 ದಿನ ತಡೆಹಿಡಿದರೆ 70 ದಿನ. ಕಾನೂನು ಮುರಿದ ಕಾರ್ಖಾನೆಗೆ 46 ದಿನಗಳ 'ದಕ್ಷತೆ'ಯ ಬಹುಮಾನ! 14 ದಿನ ಮೀರಿದರೆ ವಾರ್ಷಿಕ 15% ಬಡ್ಡಿ ಕೊಡಬೇಕೆಂದು ಅದೇ ಆದೇಶ ಹೇಳುತ್ತದೆ. ಆ ಬಡ್ಡಿಯನ್ನು ಲೆಕ್ಕಕ್ಕೆ ತಂದರೆ ಬಹುಮಾನ ಕರಗುತ್ತದೆ, ತರದಿದ್ದರೆ ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಹಣಕಾಸು ಪೂರೈಕೆ ಸರಪಳಿಯ ಹೊರಗಿನ ವಿಷಯವಲ್ಲ ಎಂಬುದು ಈ ಸೀಮೆಗೆ ಹೊಸ ಮಾತೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕೈಯಲ್ಲಿ ಸಾಲದ ಆಸರೆ ಇರುವ ರೈತ ಬೆಳೆಯನ್ನು ಸುಗ್ಗಿಯಲ್ಲೇ ಮಾರಬೇಕಿಲ್ಲ. ದಾಸ್ತಾನು ಯಾರ ಬಳಿ, ಎಷ್ಟು ದಿನ ಇರಬೇಕೆಂಬುದನ್ನು ಪತ್ತು ನಿರ್ಧರಿಸುತ್ತದೆ. ಇದನ್ನು ಸಹಕಾರದ ಇತಿಹಾಸದ ಪಾಠವೆಂದು ಓದುತ್ತೇವೆ, ಪೂರೈಕೆ ಸರಪಳಿಯ ಪಾಠವೆಂದೂ ಓದಬಹುದು.

ಬೆಟಗೇರಿಯ ಮಗ್ಗ

ಬೆಟಗೇರಿಯ ಕೈಮಗ್ಗಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. ಕೈಮಗ್ಗದ ಎರಡು ಸರಕುಗಳನ್ನು ತೆಗೆದುಕೊಳ್ಳಿ. ಒಂದು ಶಾಲಾ ಸಮವಸ್ತ್ರದ ಬಟ್ಟೆ, ಇನ್ನೊಂದು ಸೀರೆ.

1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲು ಕೊಟ್ಟು, ಕೂಲಿ ಕೊಟ್ಟು ಬಟ್ಟೆ ಪಡೆಯುವ ಪದ್ಧತಿಯದು. ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆಯನ್ನೂ ಅದು ಹೀಗೆ ನೇಯಿಸಿದೆ. ಬೇಡಿಕೆಯ ದೃಷ್ಟಿಯಿಂದ ಇದಕ್ಕಿಂತ ಖಚಿತವಾದ ಸರಕು ಸಿಗಲಾರದು. ಮಕ್ಕಳ ಸಂಖ್ಯೆ ಗೊತ್ತು, ಬಣ್ಣ ಗೊತ್ತು, ಶಾಲೆ ತೆರೆಯುವ ದಿನವೂ ಗೊತ್ತು. ಫಿಷರ್ ಚೌಕ 'ದಕ್ಷ' ಎಂದು ಕೂಡಲೇ ತೀರ್ಪು ಕೊಡುತ್ತದೆ. ಆದರೆ ದಕ್ಷತೆ ಯಾರದು?

ಬಟ್ಟೆಯನ್ನು ವರ್ಷವಿಡೀ ಸಮನಾಗಿ ನೇಯಿಸಿ ಜೂನ್ ಆರಂಭದಲ್ಲಿ ಒಪ್ಪಿಸಿದರೆ ಪ್ರತಿ ಮೀಟರು ಸರಾಸರಿ 6 ತಿಂಗಳು ಗೋದಾಮಿನಲ್ಲಿರುತ್ತದೆ. ಬಡ್ಡಿ ವರ್ಷಕ್ಕೆ 12% ಎಂದರೆ 100 ರೂಪಾಯಿಯ ಬಟ್ಟೆಗೆ 6 ರೂಪಾಯಿ. ಕಡೆಯ 3 ತಿಂಗಳಲ್ಲಿ ಮಾತ್ರ ನೇಯಿಸಿದರೆ ಸರಾಸರಿ ಒಂದೂವರೆ ತಿಂಗಳು, ಬಡ್ಡಿ ಒಂದೂವರೆ ರೂಪಾಯಿ. ನೂರಕ್ಕೆ ನಾಲ್ಕೂವರೆ ರೂಪಾಯಿ ಉಳಿಯಿತು. ಆದರೆ ಅಷ್ಟೇ ಬಟ್ಟೆಗೆ ನಾಲ್ಕು ಪಟ್ಟು ಮಗ್ಗಗಳು ಬೇಕು, ಮತ್ತು ಪ್ರತಿ ಮಗ್ಗವೂ ಒಂಬತ್ತು ತಿಂಗಳು ಖಾಲಿ. ನೇಕಾರನಿಗೆ ಸಿಗುವುದು ನೇಯ್ದ ಮೀಟರಿಗೆ ಕೂಲಿ, ಖಾಲಿ ಮಗ್ಗಕ್ಕೆ ಕೂಲಿ ಇಲ್ಲ. ಯಾರ ಪುಸ್ತಕದಲ್ಲಿ ಉಳಿತಾಯ, ಯಾರ ಒಲೆಯಲ್ಲಿ ಕೊರತೆ ಎಂಬುದನ್ನು ನೀವೇ ನೋಡಿ. ನಾಲ್ಕು ಪಟ್ಟು ಮಗ್ಗಗಳು ಇಲ್ಲದಿದ್ದರೆ ಬಟ್ಟೆ ತಡವಾಗುತ್ತದೆ ಅಥವಾ ವಿದ್ಯುತ್ ಮಗ್ಗದಿಂದ ಬರುತ್ತದೆ. ಬೇಡಿಕೆ ಖಚಿತವಾಗಿದ್ದಾಗ ಮೊದಲೇ ನೂಲು ಕೊಟ್ಟು ದಾಸ್ತಾನು ಹೊರುವುದೇ ಸರಿಯಾದ ತಂತ್ರ ಎಂದು ನನ್ನ ಅಭಿಪ್ರಾಯ. ಇಲ್ಲಿ ಆರು ರೂಪಾಯಿ ಪೋಲಲ್ಲ, ಸರಪಳಿಯನ್ನು ಜೀವಂತ ಇಡುವ ಖರ್ಚು.

ಸೀರೆಯ ಕಥೆ ತಲೆಕೆಳಗು. ಬಣ್ಣ, ಅಂಚು, ಸೆರಗಿನ ಬಯಕೆ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ 'ಚುರುಕು' ಸರಪಳಿ ಬೇಕು. ಇದಕ್ಕೆ ಪಠ್ಯಗಳು ಕೊಡುವ ಉದಾಹರಣೆ ಇಟಲಿಯ ಬೆನೆಟನ್: ಸ್ವೆಟರನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಬೇಡಿಕೆ ತಿಳಿದ ಮೇಲೆ ಬಣ್ಣ ಹಾಕುವುದು. ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣವಾಗಿರುವ ಸೀರೆಗೆ ಈ ಉಪಾಯ ನಡೆಯದು, ನೂಲಿಗೆ ಮೊದಲೇ ಬಣ್ಣ ಹಾಕಬೇಕು. ಆದರೆ ನಮ್ಮ ನೇಕಾರಿಕೆಗೆ ತನ್ನದೇ ಉಪಾಯವಿದೆ. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆ ತಯಾರಿಸಿ ಮಗ್ಗದ ಮೇಲೆ ಕುಣಿಕೆಗಳಿಂದ ಜೋಡಿಸುತ್ತಾರೆ, ಇದೇ ತೋಪು ತೆನೆ ತಂತ್ರ. ಒಂದೊಂದು ಸೀರೆಗೂ ಒಂದೊಂದು ಹಾಸು. ಜಪಾನಿನ ಕಾರ್ಖಾನೆಗಳು ದಶಕಗಟ್ಟಲೆ ಶ್ರಮಪಟ್ಟು ಸಮೀಪಿಸಿದ 'ಒಂದೇ ಘಟಕದ ತಂಡ' ಈ ಕುಣಿಮಗ್ಗಗಳಲ್ಲಿ ಮೊದಲಿನಿಂದಲೂ ಇದೆ! ಕೆಂಪು ಸೆರಗಿನ ಹಾಸು ಸಿದ್ಧವಿದ್ದರೆ ಒಡಲಿನ ಬಣ್ಣವನ್ನು ಪ್ರತಿ ಸೀರೆಗೂ ಬದಲಿಸಬಹುದು. ತಾಂತ್ರಿಕವಾಗಿ ಚುರುಕು ಮಗ್ಗದಲ್ಲಿದೆ. ಇಲ್ಲದಿರುವುದು ಮಾಹಿತಿ ಮತ್ತು ನೂಲು. ಅಂಗಡಿಯಲ್ಲಿ ಈ ವಾರ ಯಾವ ಬಣ್ಣ ಖರ್ಚಾಯಿತೆಂಬ ಸುದ್ದಿ ನೇಕಾರನಿಗೆ ತಿಂಗಳುಗಳ ನಂತರ ತಲುಪಿದರೆ, ಬಣ್ಣದ ನೂಲು ಸಗಟು ಗಂಟುಗಳಲ್ಲಿ ಮಾತ್ರ ಸಿಕ್ಕರೆ, ಮಗ್ಗದ ಚುರುಕು ವ್ಯರ್ಥ. ಮಗ್ಗಕ್ಕೆ ಹೊಸ ಉಪಕರಣ ಕೊಡುವ ಯೋಜನೆಗಳು ಸುಲಭವಾಗಿ ಹುಟ್ಟುತ್ತವೆ. ಸಣ್ಣ ಪ್ರಮಾಣದಲ್ಲಿ ಬಣ್ಣದ ನೂಲು ಮಾರುವ ಅಂಗಡಿಯೊಂದು ನೇಕಾರರ ಓಣಿಯಲ್ಲಿದ್ದರೆ ಅದಕ್ಕಿಂತ ಹೆಚ್ಚು ಪ್ರಯೋಜನವಾದೀತು.

'ದಾಸ್ತಾನೇ ಪಾಪ' ಎಂಬ ನಂಬಿಕೆಯನ್ನು ಅದರ ತವರೇ ತಿದ್ದಿಕೊಂಡಿದೆ ಎಂಬುದನ್ನೂ ಹೇಳಬೇಕು. 2011ರ ಭೂಕಂಪದ ನಂತರ ಟೊಯೋಟ ತನ್ನ ಪೂರೈಕೆದಾರರಿಗೆ ಚಿಪ್‌ಗಳನ್ನು ಹಲವು ತಿಂಗಳ ಮಟ್ಟಿಗೆ ಸಂಗ್ರಹಿಸಿಡಲು ಹೇಳಿತು. 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಇತರ ಕಾರು ಕಂಪನಿಗಳು ನಿಂತಾಗ ಅದು ಓಡುತ್ತಿತ್ತು. ಆ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಅದೂ ಉತ್ಪಾದನೆ ಕಡಿತ ಮಾಡಬೇಕಾಯಿತು, ಏಕೆಂದರೆ ಯಾವ ಸುರಕ್ಷಾ ದಾಸ್ತಾನೂ ಅನಂತವಲ್ಲ.

ಶಿಕ್ಷಕರು ಈ ವರ್ಷ ಯೋಜನಾ ಕಾರ್ಯಕ್ಕೆ ಜಿನ್ನಿಂಗ್ ಕಾರ್ಖಾನೆಯನ್ನು ಆರಿಸಿಕೊಂಡರೆ, ನಾಲ್ಕು ಚೌಕಗಳನ್ನು ಬರೆಯಿಸುವ ಮೊದಲು ವಿದ್ಯಾರ್ಥಿಗಳಿಂದ ನಾಲ್ಕು ತಾರೀಖುಗಳನ್ನು ಬರೆಯಿಸಿ ನೋಡಿ. ಇಪ್ಪತ್ತು ಗಾಡಿಗಳನ್ನು ಆರಿಸಿಕೊಂಡು, ಹತ್ತಿ ಬಿಡಿಸಿದ ದಿನ, ಗೇಟಿಗೆ ಬಂದ ದಿನ, ಬೇಲ್ ಆದ ದಿನ, ರೈತನಿಗೆ ಹಣ ಸಂದ ದಿನ. ಮೊದಲನೆಯದನ್ನು ರೈತನನ್ನೇ ಕೇಳಬೇಕು. ಎರಡನೆಯದು ತೂಕದ ಚೀಟಿಯಲ್ಲಿ, ಮೂರನೆಯದು ಕಾರ್ಖಾನೆಯ ಪುಸ್ತಕದಲ್ಲಿ ಸಿಗುತ್ತದೆ. ನಾಲ್ಕನೆಯದಕ್ಕೆ ವಾರಗಳ ನಂತರ ಮತ್ತೊಮ್ಮೆ ಹಳ್ಳಿಗೆ ಹೋಗಬೇಕಾಗಬಹುದು.